ಹಾಲು ಬಿಟ್ರೆ ಏನೂ ತಿನ್ನಲ್ಲ, ಬರೆಯೋಕೆ ಕೂರಲ್ಲ: ನಾಲ್ಕೂವರೆ ವರ್ಷದ ಮಗನ ಬೆಳವಣಿಗೆ ಸರಿ ಇದೆಯಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಜುಲೈನಲ್ಲಿ ನಾಲ್ಕು ತುಂಬಿತು, ಈಗ ನಾಲ್ಕೂವರೆ, ಎಲ್‌ಕೆಜಿ. ತೂಕ ಹದಿನಾಲ್ಕೂವರೆ ಕೆಜಿ, ಎತ್ತರ 103 ಸೆಂಟಿಮೀಟರ್. ಊಟ ಅಂದ್ರೆ ಓಡಿಹೋಗ್ತಾನೆ, ಹಾಲು ಮಾತ್ರ ದಿನಕ್ಕೆ ನಾಲ್ಕು ಲೋಟ, ಸಕ್ಕರೆ ಪೌಡರ್ ಹಾಕಿದ್ರೆ ಗಟಗಟ ಕುಡೀತಾನೆ. ನಾವಿಬ್ರೂ ಕೆಲಸಕ್ಕೆ ಹೋಗ್ತೀವಿ, ಅತ್ತೆ ಮೊಬೈಲ್ ತೋರಿಸಿ ನಾಲ್ಕು ತುತ್ತು ತಿನ್ನಿಸ್ತಾರೆ. ಮೊಬೈಲ್ ಕಿತ್ಕೊಂಡ್ರೆ ನೆಲದ ಮೇಲೆ ಬಿದ್ದು ಹೊರಳಾಡ್ತಾನೆ, ಹೊಡೀತಾನೆ. ಮಲಗೋದು ರಾತ್ರಿ ಹನ್ನೊಂದು, ಬೆಳಿಗ್ಗೆ ಆರೂಮುಕ್ಕಾಲಿಗೆ ಎಬ್ಬಿಸ್ಬೇಕು, ವ್ಯಾನ್ ಬರುತ್ತೆ. ಮಾತು ಚೆನ್ನಾಗೇ ಆಡ್ತಾನೆ, ಬ್ಲಾಕ್ಸ್ ಇಟ್ಕೊಂಡು ಅರ್ಧ ಗಂಟೆ ಒಬ್ಬನೇ ಕೂರ್ತಾನೆ, ಆದ್ರೆ ಪೆನ್ಸಿಲ್ ಮುಷ್ಟೀಲಿ ಹಿಡೀತಾನೆ, ಅದೂ ಎಡಗೈಲಿ. ಮಿಸ್ ಡೈರೀಲಿ ‘ರೈಟಿಂಗ್ ಇಂಪ್ರೂವ್ ಆಗ್ಬೇಕು, ಒಂದ್ಕಡೆ ಕೂರಲ್ಲ’ ಅಂತ ಬರೆದಿದ್ದಾರೆ. ಪಕ್ಕದ ಮನೆ ಹುಡುಗಿ ಅದೇ ಕ್ಲಾಸು, ಹತ್ತು ತಿಂಗಳು ದೊಡ್ಡವಳು ಅಷ್ಟೇ, ನೂರರವರೆಗೂ ಬರೀತಾಳೆ. ಸೋಮವಾರ ಬಂದ್ರೆ ಇವನಿಗೆ ಹೊಟ್ಟೆನೋವು, ಮೋಷನ್ ಮೂರು ದಿನಕ್ಕೊಂದ್ಸಲ. ನಾದಿನಿ ಹೈಪರ್ ಆಕ್ಟಿವ್ ಇರಬಹುದು ಅಂತಾಳೆ, ಯಜಮಾನ್ರು ಟ್ಯೂಷನ್‌ಗೆ ಹಾಕೋಣ ಅಂತಾರೆ, ಮೆಡಿಕಲ್ ಶಾಪಲ್ಲಿ ಹಸಿವಿನ ಸಿರಪ್ ಕೊಡ್ತೀನಿ ಅಂದ್ರು. ಬುದ್ಧಿ ಬೆಳವಣಿಗೆ ಏನಾದ್ರೂ ಕಮ್ಮಿ ಇದೆಯಾ?
(ಹೆಸರು ಬೇಡ, ಹಾಸನ)

ಉತ್ತರ: ನಿಮ್ಮ ಕೊನೇ ಪ್ರಶ್ನೆಗೇ ಮೊದಲು ಬರ್ತೀನಿ, ಇಲ್ಲಾಂದ್ರೆ ಮಿಕ್ಕಿದ್ದನ್ನ ಓದ್ತಾ ಇದ್ರೂ ನಿಮ್ಮ ಮನಸ್ಸು ಅಲ್ಲೇ ಇರುತ್ತೆ. ನೀವು ಬರೆದಿರೋದ್ರಲ್ಲಿ ಬುದ್ಧಿ ಬೆಳವಣಿಗೆ ಕಮ್ಮಿ ಅನ್ನೋಕೆ ನನಗೇನೂ ಕಾಣ್ಲಿಲ್ಲ. ಮಾತು ಚೆನ್ನಾಗಿದೆ, ತನಗೆ ಇಷ್ಟವಾದ ಆಟದಲ್ಲಿ ಅರ್ಧ ಗಂಟೆ ಕೂರ್ತಾನೆ, ಇವೆರಡೂ ಈ ವಯಸ್ಸಿಗೆ ಒಳ್ಳೇ ಲಕ್ಷಣ. ಮಗುವನ್ನ ಕಣ್ಣಾರೆ ನೋಡ್ದೆ ಪತ್ರದ ಮೇಲೇ ಸರ್ಟಿಫಿಕೇಟ್ ಕೊಡೋಕಾಗಲ್ಲ, ಒಂದ್ಸಲ ಮಕ್ಕಳ ಡಾಕ್ಟರಿಗೆ ತೋರಿಸ್ಲೇಬೇಕು, ಆದ್ರೆ ನಿದ್ದೆಗೆಡಿಸ್ಕೊಳ್ಳೋ ಪತ್ರ ಅಲ್ಲ ಇದು.

ಊಟ, ಹಠ, ಬರವಣಿಗೆ, ಹೊಟ್ಟೆನೋವು, ನಿದ್ದೆ ಅಂತ ಐದು ದೂರು ಬರೆದಿದ್ದೀರಿ, ಅದಕ್ಕೆ ಒಬ್ಬೊಬ್ರು ಒಂದೊಂದು ಸಲಹೆ ಕೊಟ್ಟಿದ್ದಾರೆ. ನಾನು ಓಪಿಡೀಲಿ ಇಂಥ ಮಕ್ಕಳನ್ನ ನೋಡ್ದಾಗ ದೂರಿನ ಪಟ್ಟಿ ಪಕ್ಕಕ್ಕಿಟ್ಟು ‘ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೂ ಏನೇನಾಗುತ್ತೆ, ಗಂಟೆ ಗಂಟೆದೂ ಹೇಳಿ’ ಅಂತ ಕೇಳ್ತೀನಿ, ಹಾಗೆ ಹೇಳ್ತಾ ಹೇಳ್ತಾ ತಾಯಂದಿರಿಗೇ ಅರ್ಧ ಗೊತ್ತಾಗ್ಬಿಡುತ್ತೆ. ನಿಮ್ಮ ಮಗನ ದಿನ ನೋಡಿ: ನಿದ್ದೆ ಮುಗೀದೇ ಏಳ್ತಾನೆ, ಹಸಿವಾಗೋ ಮುಂಚೆ ಹಾಲು, ಶಾಲೇಲಿ ಬಾತ್‌ರೂಮಿಗೆ ಹೋಗ್ದೇ ಕೂರ್ತಾನೆ (ನೀವು ಬರೆದಿಲ್ಲ, ಮೂರು ದಿನಕ್ಕೊಂದ್ಸಲ ಮೋಷನ್ ಅಂದ್ಮೇಲೆ ಇದು ನನ್ನ ಅಂದಾಜು, ಕೇಳಿ ನೋಡಿ), ಮನೆಗೆ ಬಂದು ಮತ್ತೆ ಹಾಲು, ಮೊಬೈಲು, ತುತ್ತು, ಮತ್ತೆ ಹಾಲು, ಹನ್ನೊಂದು ಗಂಟೆ. ಈ ದಿನದಲ್ಲಿ ಹಸಿವಿಗೆ ಜಾಗ ಎಲ್ಲಿದೆ ಹೇಳಿ.

ಹಾಲಿನ ಲೆಕ್ಕ ಹಾಕೋಣ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1360 ಕ್ಯಾಲರಿ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುತ್ತೆ. ಲೋಟಕ್ಕೆ 200 ಎಂಎಲ್ ಅಂದ್ರೂ ನಾಲ್ಕು ಲೋಟ 800 ಎಂಎಲ್, ನೀಲಿ ಪ್ಯಾಕೆಟ್ ಹಾಲಾದ್ರೂ ಅದರಲ್ಲೇ ಹತ್ತಿರ ಹತ್ತಿರ 470 ಕ್ಯಾಲರಿ, ಪ್ರತಿ ಲೋಟಕ್ಕೂ ಒಂದೊಂದು ಚಮಚ ಸಕ್ಕರೆ, ದೊಡ್ಡ ಚಮಚ ಪೌಡರ್ ಅಂದ್ರೆ ಇನ್ನೂ 250ರಷ್ಟು. ಅಲ್ಲಿಗೆ 700 ದಾಟಿತು, ಬೇಕಾಗಿರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕುಡಿದೇ ಮುಗಿಸಿದ್ದಾನೆ, ಸಾಯಂಕಾಲದ ಎರಡು ಬಿಸ್ಕೆಟ್ ನಾನಿನ್ನೂ ಸೇರಿಸೇ ಇಲ್ಲ. ಅವನು ಊಟ ಬಿಡ್ತಿಲ್ಲಮ್ಮ, ಅವನ ಊಟ ಆಗಿಹೋಗಿದೆ.

ಕ್ಯಾಲರಿ ಹೋಗ್ಲಿ, ನನಗೆ ಹೆಚ್ಚು ಚಿಂತೆ ಕಬ್ಬಿಣದ ಅಂಶದ್ದು. ಹಾಲಲ್ಲಿ ಕಬ್ಬಿಣ ಇಲ್ಲ ಅಂದ್ರೂ ನಡೆಯುತ್ತೆ, ಮೇಲಾಗಿ ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣ ಹೀರೋಕೂ ಅಡ್ಡ ಬರುತ್ತೆ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 67 ಪರ್ಸೆಂಟಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು, ಕರ್ನಾಟಕದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಕಬ್ಬಿಣ ಕಮ್ಮಿ ಇರೋ ಮಗುವಿಗೆ ಹಸಿವಾಗಲ್ಲ, ಕಿರಿಕಿರಿ ಜಾಸ್ತಿ, ಗಮನ ನಿಲ್ಲಲ್ಲ, ಕೆಲವು ಮಕ್ಕಳು ಮಣ್ಣು ಸುಣ್ಣ ಬಳಪ ತಿಂತಾರೆ. ಈಗ ಮಿಸ್ ಬರೆದಿದ್ದನ್ನೂ ನಾದಿನಿ ಹೇಳಿದ್ದನ್ನೂ ಮತ್ತೊಂದ್ಸಲ ಓದಿ. ಅದಕ್ಕೇ ಯಾವ ಸಿರಪ್ಪಿಗಿಂತ ಮೊದಲು ಒಂದು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ, 11ಕ್ಕಿಂತ ಕಮ್ಮಿ ಇದ್ರೆ ಡಾಕ್ಟರ್ ಹೇಳಿದ ಡೋಸಲ್ಲಿ ಐರನ್ ಡ್ರಾಪ್ಸೋ ಸಿರಪ್ಪೋ ಕೊಡಿ, ಸಾಮಾನ್ಯವಾಗಿ ಹಿಮೋಗ್ಲೋಬಿನ್ ಸರಿ ಹೋದ್ಮೇಲೂ ಎರಡು ಮೂರು ತಿಂಗಳು ಮುಂದುವರಿಸ್ಬೇಕಾಗುತ್ತೆ. ಮೋಷನ್ ಕಪ್ಪಗಾಗುತ್ತೆ, ಹೆದರ್ಬೇಡಿ. ಹಾಲಿನ ಜೊತೆ ಮಾತ್ರ ಕೊಡ್ಬೇಡಿ. ಜಂತುಹುಳದ ಮಾತ್ರೆ ಅಂಗನವಾಡಿ, ಶಾಲೆಗಳಲ್ಲಿ ವರ್ಷಕ್ಕೆರಡು ಸಲ ಕೊಡ್ತಾರೆ, ತಪ್ಪಿದ್ರೆ ಡಾಕ್ಟರನ್ನ ಕೇಳಿ ಹಾಕಿಸಿ. ಹಾಗೇ ಬಾಯಿ ತೆಗೆಸಿ ಹಿಂದಿನ ದವಡೆ ಹಲ್ಲು ನೋಡಿ, ರಾತ್ರಿ ಸಿಹಿ ಹಾಲು ಕುಡಿದು ಹಾಗೇ ಮಲಗೋ ಮಕ್ಕಳಿಗೆ ಹುಳುಕು ಬಂದು ಅಗಿಯೋಕೆ ನೋವಾಗ್ತಿರುತ್ತೆ, ಅದನ್ನ ಹೇಳೋಕೆ ಬರದೇ ಊಟ ಬೇಡ ಅಂತಾರೆ.

ಹಸಿವಿನ ಸಿರಪ್ ವಿಷಯ. ಮೆಡಿಕಲ್ ಶಾಪಲ್ಲಿ ಹಸಿವಿಗೆ ಅಂತ ಕೊಡೋ ಬಹಳಷ್ಟು ಸಿರಪ್ಪಲ್ಲಿ ಇರೋದು ಸೈಪ್ರೊಹೆಪ್ಟಡಿನ್ ಅನ್ನೋ ಅಲರ್ಜಿ ಔಷಧಿ. ಕೊಟ್ಟಷ್ಟು ದಿನ ಹಸಿವು ಜಾಸ್ತಿ ಆಗೋದು ನಿಜ, ಅದರ ಜೊತೆಗೆ ತೂಕಡಿಕೆ, ಮಂಪರು ಬರುತ್ತೆ, ನಿಲ್ಲಿಸಿದ ಮೇಲೆ ವಾಪಸ್ ಮೊದಲಿನ ಥರಾನೇ. ಕೆಲವು ಕಾಯಿಲೆಗಳಲ್ಲಿ ನಾವೂ ಬರೀತೀವಿ, ಆದ್ರೆ ಹಾಲು ಕುಡಿದು ಹೊಟ್ಟೆ ತುಂಬಿರೋ ಹುಡುಗನಿಗೆ ಅದು ಬೇಡ. ಮೆಮರಿ ಸಿರಪ್, ಬ್ರೇನ್ ಟಾನಿಕ್ ಇವಕ್ಕೂ ನಾನು ದುಡ್ಡು ಖರ್ಚು ಮಾಡಿ ಅನ್ನಲ್ಲ. ಇನ್ನು ಆ ಪೌಡರು, 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಇಂಥವನ್ನ ‘ಹೆಲ್ತ್ ಡ್ರಿಂಕ್’ ಅನ್ನೋ ಹೆಸರಿನ ಕೆಳಗೆ ಇಟ್ಟು ಮಾರಬೇಡಿ ಅಂತ ಹೇಳಿತ್ತು. ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ 100 ಗ್ರಾಮಿಗೆ ಎಷ್ಟು ಸಕ್ಕರೆ ಅಂತ ಇರುತ್ತೆ, ಕನ್ನಡಕ ಹಾಕ್ಕೊಂಡು ಒಂದ್ಸಲ ಓದಿ.

ಹಾಲು ಪೂರ್ತಿ ಬಿಡಿಸೋದು ಬೇಡ, 400 ಎಂಎಲ್‌ಗೆ ಇಳಿಸಿ, ಅಂದ್ರೆ ಎರಡು ಲೋಟ, ಮೊಸರು ಮಜ್ಜಿಗೆ ತಿನ್ನೋ ಮಗು ಆದ್ರೆ ಅದನ್ನೂ ಇದರಲ್ಲೇ ಸೇರಿಸಿ. ಊಟಕ್ಕೆ ಎರಡು ಗಂಟೆ ಮುಂಚೆ ಹಾಲು ಬಿಸ್ಕೆಟ್ ಎರಡೂ ಬೇಡ. ಮೊದಲ ನಾಲ್ಕೈದು ದಿನ ಅವನು ಹಾಲೂ ಕೇಳಿ ಅಳ್ತಾನೆ, ಊಟಾನೂ ಮಾಡಲ್ಲ, ತೂಕ ಒಂಚೂರು ಇಳೀಬಹುದು, ಮನೇಲಿ ಎಲ್ಲರೂ ಗಾಬರಿ ಆಗೋದು ಈ ಟೈಮಲ್ಲೇ. ದಿನಾ ತಕ್ಕಡಿ ಮೇಲೆ ನಿಲ್ಲಿಸ್ಬೇಡಿ. ತಟ್ಟೇಲಿ ಏನಿರಬೇಕು, ಯಾವ ಹೊತ್ತಿಗೆ ಅನ್ನೋದು ನಿಮ್ಮ ಜವಾಬ್ದಾರಿ, ಎಷ್ಟು ತಿನ್ಬೇಕು ಅನ್ನೋದು ಅವನದ್ದು. ಅರ್ಧ ಮುದ್ದೆ ಸೊಪ್ಪಿನ ಸಾರು, ಇಲ್ಲಾ ಒಂದು ದೋಸೆ, ಇಲ್ಲಾ ಒಂದು ಸೌಟು ಅನ್ನ ಬೇಳೆ ಸಾರು, ಒಂದು ಮೊಟ್ಟೆ, ಇಷ್ಟು ಆ ಹೊಟ್ಟೆಗೆ ಸಾಕು, ನಿಮ್ಮ ತಟ್ಟೆ ನೋಡ್ಕೊಂಡು ಅವನ ತಟ್ಟೆ ಅಳೀಬೇಡಿ. ಸೊಪ್ಪು ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಹೀರೋಕೆ ಸಹಾಯ ಆಗುತ್ತೆ. ರಾಗಿ ಒಳ್ಳೇದು, ಮುಖ್ಯವಾಗಿ ಕ್ಯಾಲ್ಸಿಯಂಗೆ, ರಾಗಿ ತಿಂದ್ರೆ ರಕ್ತ ಎಲ್ಲಾ ಸರಿ ಹೋಗುತ್ತೆ ಅನ್ನೋದು ಸ್ವಲ್ಪ ಅತಿಯಾಯ್ತು.

ತೂಕದ ಬಗ್ಗೆ ಹೇಳ್ಬೇಕಂದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಲ್ಲಿ ನಾಲ್ಕೂವರೆ ವರ್ಷದ ಗಂಡು ಮಕ್ಕಳ ನಡು ಗೆರೆ 17 ಕೆಜಿ ಚಿಲ್ಲರೆ, ಕಮ್ಮಿ ತೂಕ ಅಂತ ಹೇಳೋ ಕೆಳಗಿನ ಗೆರೆ ಹದಿಮೂರೂವರೆ ಹತ್ತಿರ. ಹದಿನಾಲ್ಕೂವರೆ ಅಂದ್ರೆ ತೆಳ್ಳಗಿದ್ದಾನೆ, ಗೆರೆ ಒಳಗಿದ್ದಾನೆ, ಎತ್ತರವೂ ಪರವಾಗಿಲ್ಲ. ಈ ವಯಸ್ಸಲ್ಲಿ ವರ್ಷಕ್ಕೆ ಎರಡು ಕೆಜಿ, ಆರು ಸೆಂಟಿಮೀಟರ್ ಆಸುಪಾಸು ಬೆಳೀತಾರೆ. ಹೋದ ವರ್ಷ ಎಷ್ಟಿದ್ದ ಅನ್ನೋದು ಇವತ್ತಿನ ಅಂಕಿಗಿಂತ ಮುಖ್ಯ, ತಾಯಿ ಕಾರ್ಡಲ್ಲಿ, ಹಳೇ ಚೀಟಿಗಳಲ್ಲಿ ಹುಡುಕಿ.

ಮೋಷನ್ ವಿಷಯ ನೀವು ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ, ನನಗೆ ಮಾತ್ರ ಪತ್ರದಲ್ಲಿ ಅತಿ ಮುಖ್ಯ ಸಾಲು ಅದೇ. ಬರೀ ಹಾಲು, ನಾರಿಲ್ಲದ ಊಟ, ಕಮ್ಮಿ ನೀರು, ಅದರ ಜೊತೆ ಶಾಲೆಯ ಬಾತ್‌ರೂಮು. ಒದ್ದೆ ನೆಲ, ಎತ್ತರದ ಚಿಲಕ, ಚಡ್ಡಿ ಗುಂಡಿ ಬಿಚ್ಚೋಕೆ ಬರಲ್ಲ, ಮಿಸ್ಸನ್ನ ಕೇಳೋಕೆ ಭಯ, ಹಾಗಾಗಿ ತಡ್ಕೊಳ್ತಾರೆ. ತಡೆದ್ರೆ ಗಟ್ಟಿ ಆಗುತ್ತೆ, ಗಟ್ಟಿ ಆದ್ರೆ ಹೋಗುವಾಗ ನೋವು, ನೋವಿನ ಭಯಕ್ಕೆ ಇನ್ನೂ ತಡ್ಕೊಳ್ತಾರೆ. ಹೊಟ್ಟೆ ತುಂಬಿರೋ ಮಗುವಿಗೆ ಹಸಿವು ಎಲ್ಲಿಂದ ಬರ್ಬೇಕು, ಹೊಟ್ಟೆನೋವು ಬರ್ದೇ ಇನ್ನೇನಾಗುತ್ತೆ. ಸೋಮವಾರದ ಹೊಟ್ಟೆನೋವನ್ನ ‘ನಾಟಕ’ ಅಂತ ಮಾತ್ರ ಯಾರೂ ಅನ್ಬೇಡಿ. ಮಲಬದ್ಧತೆಯೂ ಇರಬಹುದು, ಶಾಲೆಯ ಅಳುಕೂ ಇರಬಹುದು, ಬಹಳ ಮಕ್ಕಳಲ್ಲಿ ಎರಡೂ ಸೇರಿರುತ್ತೆ, ಅಳುಕಿಂದ ಬರೋ ಹೊಟ್ಟೆನೋವೂ ನಿಜವಾದ ನೋವೇ.

ಮೋಷನ್ ಆಗ್ಲಿ ಅಂತ ದಯವಿಟ್ಟು ಸೋಪಿನ ಚೂರು, ಎಣ್ಣೆ ಹಚ್ಚಿದ ವೀಳ್ಯದೆಲೆ ತೊಟ್ಟು ಇಡೋದು ಬೇಡ, ಮಗುವಿನ ಭಯ ಇನ್ನೂ ಜಾಸ್ತಿ ಆಗುತ್ತೆ, ಒಳಗೆ ಗಾಯವೂ ಆಗಬಹುದು. ಬೆಳಿಗ್ಗೆ ತಿಂಡಿ ಆದ್ಮೇಲೆ ಐದ್ಹತ್ತು ನಿಮಿಷ ಕೂರಿಸಿ, ಕಮೋಡ್ ಆದ್ರೆ ಕಾಲಡಿಗೆ ಸ್ಟೂಲ್ ಇಡಿ, ಕಾಲು ಜೋತಾಡ್ತಿದ್ರೆ ಮುಕ್ಕೋಕಾಗಲ್ಲ. ಬಂದ್ರೂ ಬರ್ದಿದ್ರೂ ಬೈಬೇಡಿ. ಡಾಕ್ಟರ್ ಮೋಷನ್ ಮೆತ್ತಗಾಗೋ ಪೌಡರೋ ಸಿರಪ್ಪೋ ಬರೆದ್ರೆ ‘ಅಭ್ಯಾಸ ಆಗ್ಬಿಡುತ್ತೆ’ ಅಂತ ನಾಲ್ಕೇ ದಿನಕ್ಕೆ ನಿಲ್ಲಿಸ್ತಾರೆ ಎಲ್ಲರೂ, ಅಭ್ಯಾಸ ಆಗಲ್ಲ, ನೋವು ಮರೆತುಹೋಗೋಕೆ ಕೆಲವು ತಿಂಗಳೇ ಬೇಕಾಗುತ್ತೆ. ಶಾಲೇಲಿ ಆಯಾ ಹತ್ರ ನೀವೇ ಹೋಗಿ ಒಂದ್ಮಾತು ಹೇಳಿ, ಎಲಾಸ್ಟಿಕ್ ಚಡ್ಡಿ ಹಾಕಿ ಕಳ್ಸಿ.

ಈಗ ಮೊಬೈಲು. ಅತ್ತೆಯವರನ್ನ ದಯವಿಟ್ಟು ದೂರ್ಬೇಡಿ, ಮಂಡಿನೋವು ಇಟ್ಕೊಂಡು ಓಡೋ ಹುಡುಗನ ಹಿಂದೆ ತಟ್ಟೆ ಹಿಡ್ಕೊಂಡು ಓಡೋ ವಯಸ್ಸಾ ಅವರದ್ದು, ಆ ಮೊಬೈಲು ಅವರಿಗೆ ಸಿಕ್ಕಿದ್ದ ಒಂದೇ ಸಹಾಯ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದೆ, ಅದೂ ದೊಡ್ಡವರು ಪಕ್ಕದಲ್ಲಿ ಕೂತು ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತೆ. ನನಗೆ ಗಂಟೆಗಿಂತ ಊಟದ ಹೊತ್ತಿನ ಮೊಬೈಲೇ ಹೆಚ್ಚು ತೊಂದರೆ ಅನ್ಸುತ್ತೆ, ಏನು ತಿಂದೆ, ಹೊಟ್ಟೆ ತುಂಬಿತಾ ಅನ್ನೋದೇ ಮಗುವಿಗೆ ಗೊತ್ತಾಗಲ್ಲ.

ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸ್ಬೇಕಾ, ನಿಧಾನಕ್ಕಾ? ಎರಡೂ ನಡೆಯುತ್ತೆ. ಒಂದೇ ಸಲ ನಿಲ್ಲಿಸಿದ್ರೆ ಬೇಗ ಮುಗಿಯುತ್ತೆ ಆದ್ರೆ ಮೊದಲ ವಾರ ಮನೆ ರಣರಂಗ, ಹಠ ಕಮ್ಮಿ ಆಗೋ ಮುಂಚೆ ಒಂದ್ಸಲ ಜೋರಾಗೇ ಆಗುತ್ತೆ, ಆವಾಗ ನಾಲ್ಕನೇ ದಿನ ಯಾರೋ ಒಬ್ರು ಸೋತು ಮೊಬೈಲ್ ಕೊಟ್ಬಿಟ್ರೆ ಅವನು ಕಲಿಯೋ ಪಾಠ ‘ನಾಲ್ಕು ದಿನ ಅತ್ರೆ ಸಿಗುತ್ತೆ’ ಅಂತ. ನಿಧಾನಕ್ಕೆ ಮಾಡೋದಾದ್ರೆ ಮೊದಲು ಊಟದ ಹೊತ್ತು, ಆಮೇಲೆ ಮಲಗೋ ಮುಂಚಿನ ಒಂದು ಗಂಟೆ, ಇಲ್ಲಿ ಅಪಾಯ ಅಂದ್ರೆ ‘ಇವತ್ತೊಂದಿನ’ ಅಂತ ಜಾರಿಹೋಗೋದು. ನಿಮ್ಮನೇಲಿ ಅತ್ತೆ ಒಬ್ರೇ ಹಗಲು ಇರೋದ್ರಿಂದ ನಾನಾಗಿದ್ರೆ ಎರಡನೇದು ಹೇಳ್ತೀನಿ, ರಾತ್ರಿ ಊಟದಿಂದ ಶುರು ಮಾಡಿ, ಆವಾಗ ನೀವಿಬ್ರೂ ಇರ್ತೀರಿ, ನಿಮ್ಮ ಮೊಬೈಲೂ ಪಕ್ಕಕ್ಕಿಡಿ. ಹೊರಳಾಡೋವಾಗ ಬುದ್ಧಿ ಹೇಳ್ಬೇಡಿ, ಆ ಹೊತ್ತಲ್ಲಿ ಕಿವಿಗೆ ಏನೂ ಇಳಿಯಲ್ಲ. ತಲೆಗೆ ಪೆಟ್ಟಾಗದ ಹಾಗೆ ನೋಡ್ಕೊಂಡು ಹತ್ತಿರಾನೇ ಸುಮ್ನೆ ಕೂತಿರಿ, ಸಮಾಧಾನ ಆದ್ಮೇಲೆ ‘ಮೊಬೈಲ್ ತಗೊಂಡಿದ್ದಕ್ಕೆ ಸಿಟ್ಟು ಬಂತಲ್ವಾ, ಸಿಟ್ಟು ಬರಬಹುದು, ಹೊಡಿಯೋದು ಬೇಡ’ ಅಷ್ಟೇ ಸಾಕು. ಪೊಲೀಸಿಗೆ ಕೊಡ್ತೀನಿ, ಇಂಜೆಕ್ಷನ್ ಹಾಕಿಸ್ತೀನಿ (ಇದಂತೂ ನಮ್ಮ ಕೆಲಸಕ್ಕೇ ಕಲ್ಲು), ಹಾಸ್ಟೆಲಿಗೆ ಹಾಕ್ತೀನಿ, ಇವೆಲ್ಲ ಬೇಡ, ಹೆದರಿ ಸುಮ್ಮನಾದ ಮಗು ಸಿಟ್ಟನ್ನ ಹೇಗೆ ಹಿಡಿಯೋದು ಅಂತ ಕಲಿಯಲ್ಲ.

ನಿದ್ದೆ ಸರಿ ಹೋದ್ರೆ ಈ ಹಠದಲ್ಲಿ ಒಂದು ಪಾಲು ತಾನೇ ಇಳಿಯುತ್ತೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಹಗಲು ನಿದ್ದೆಯೂ ಸೇರಿ. ಇವನಿಗೆ ರಾತ್ರಿ ಸಿಗ್ತಿರೋದು ಏಳೂಮುಕ್ಕಾಲು. ದೊಡ್ಡವರು ನಿದ್ದೆಗೆಟ್ರೆ ತೂಕಡಿಸ್ತೀವಿ, ಮಕ್ಕಳು ಅದಕ್ಕೆ ಉಲ್ಟಾ, ಕುಣೀತಾರೆ, ಅದನ್ನ ನೋಡಿ ಜನ ಹೈಪರ್ ಆಕ್ಟಿವ್ ಅಂತಾರೆ. ಮಲಗೋ ಹೊತ್ತನ್ನ ವಾರಕ್ಕೆ ಹದಿನೈದಿಪ್ಪತ್ತು ನಿಮಿಷ ಹಿಂದಕ್ಕೆ ತಂದು ಒಂಬತ್ತಕ್ಕೆ ನಿಲ್ಲಿಸಿ. ಬಾಯಿ ಬಿಟ್ಕೊಂಡು ಮಲಗ್ತಾನಾ, ದಿನಾ ಗೊರಕೆ ಇದೆಯಾ ನೋಡಿ, ಇದ್ರೆ ಅಡಿನಾಯ್ಡ್ (ಮೂಗಿನ ಹಿಂದಿರೋ ಗ್ರಂಥಿ) ಊದಿರಬಹುದು, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಇಷ್ಟೆಲ್ಲ ಸರಿಪಡಿಸದೆ ನಾಲ್ಕೂವರೆ ವರ್ಷಕ್ಕೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅನ್ನೋ ಹೆಸರು ಅಂಟಿಸೋದು ಸರಿಯಲ್ಲ. ಅದು ಹೌದೋ ಅಲ್ವೋ ಅಂತ ಹೇಳೋಕೆ ಮನೆ ಶಾಲೆ ಎರಡೂ ಕಡೆಯ ವರದಿ ಬೇಕು, ಆರು ತಿಂಗಳಾದ್ರೂ ಲಕ್ಷಣ ಇರ್ಬೇಕು.

ಬರವಣಿಗೆಗೆ ಬರೋಣ. ವಾಟ್ಸಾಪಲ್ಲಿ ಎರಡು ಎಕ್ಸ್‌ರೇ ಪಕ್ಕಪಕ್ಕ ಇಟ್ಟು ‘ಮಕ್ಕಳ ಕೈಮೂಳೆ ಇನ್ನೂ ಬೆಳೆದಿರಲ್ಲ, ಬರೆಸಿದ್ರೆ ಹಾಳಾಗುತ್ತೆ’ ಅಂತ ಓಡಾಡುತ್ತೆ, ನಿಮಗೂ ಬಂದಿರಬಹುದು. ಎಕ್ಸ್‌ರೇ ನಿಜ, ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಈ ವಯಸ್ಸಲ್ಲಿ ಕೆಲವು ಇನ್ನೂ ಮೃದ್ವಸ್ಥಿಯಾಗೇ ಇರ್ತವೆ, ಎಕ್ಸ್‌ರೇಲಿ ಕಾಣಲ್ಲ. ಆದ್ರೆ ಬರೆದ್ರೆ ಮೂಳೆ ಹಾಳಾಗುತ್ತೆ ಅನ್ನೋದು ಸುಳ್ಳು. ಬರೆಯೋಕೆ ಕಷ್ಟ ಆಗೋದು ಭುಜ, ಬೆರಳಿನ ಬಲ, ಕಣ್ಣು ಕೈ ಹೊಂದಾಣಿಕೆ ಇನ್ನೂ ಬಂದಿಲ್ಲದ್ದಕ್ಕೆ. ಸುಮಾರು ಮೂರು ವರ್ಷಕ್ಕೆ ಸೊನ್ನೆ, ನಾಲ್ಕಕ್ಕೆ ಪ್ಲಸ್, ಐದಕ್ಕೆ ತ್ರಿಕೋನ ನೋಡಿ ಬರೆಯೋದು ಬರುತ್ತೆ. ತ್ರಿಕೋನವೇ ಬರದ ಕೈಗೆ ಓರೆ ಗೆರೆಯ ಕೆ, ಎಕ್ಸ್ ಸಾಲುಗಟ್ಟಲೆ ಬರೆಸೋದು ಯಾವ ನ್ಯಾಯ. ನಾಲ್ಕೂವರೆಗೆ ಪೂರ್ತಿ ಮುಷ್ಟಿ ಹಿಡಿತ ಸ್ವಲ್ಪ ತಡವೇ, ಮುಚ್ಚಿಡಲ್ಲ, ಆದ್ರೆ ಹೆಚ್ಚಿನ ಸಲ ಅದು ಬೆರಳಿಗೆ ಕೆಲಸವೇ ಸಿಕ್ಕಿಲ್ಲದ್ದು, ತುತ್ತು ಅಜ್ಜಿ ಇಡ್ತಾರೆ, ಗುಂಡಿ ಅಮ್ಮ ಹಾಕ್ತಾಳೆ, ಮೊಬೈಲಿಗೆ ಒಂದೇ ಬೆರಳು ಸಾಕು.

ಹಾಸನದಲ್ಲಿದ್ದೀರಿ, ಇದು ಅವರೆಕಾಯಿ ಕಾಲ. ಒಂದು ಬಟ್ಟಲು ನೆನೆಸಿದ ಅವರೆಕಾಳು ಕೊಟ್ಟು ಹಿದುಕಿದ ಬೇಳೆ ಮಾಡೋಕೆ ಅಜ್ಜಿ ಪಕ್ಕ ಕೂರಿಸಿ, ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದ್ರೆ ಬೇಳೆ ಪಚಕ್ಕಂತ ಆಚೆ ಹಾರುತ್ತೆ, ಅರ್ಧ ಗೋಡೆಗೆ ಹೋಗುತ್ತೆ, ಹೋಗ್ಲಿ ಬಿಡಿ, ಪೆನ್ಸಿಲ್ ಹಿಡಿಯೋಕೆ ಬೇಕಾದ ಬೆರಳುಗಳೇ ಅವು. ಚಪಾತಿ ಹಿಟ್ಟು ಉಂಡೆ ಮಾಡ್ಲಿ, ಬಟ್ಟೆ ಕ್ಲಿಪ್ ಹಾಕ್ಲಿ, ಸ್ಲೇಟಲ್ಲಿ ಬಳಪದ ಚೂರಲ್ಲಿ ಗೀಚ್ಲಿ, ಚೂರು ಸಣ್ಣದಿದ್ರೆ ಮುಷ್ಟೀಲಿ ಹಿಡಿಯೋಕೇ ಆಗಲ್ಲ. ಮತ್ತೆ ಆಚೆ ಆಟ: ಈ ವಯಸ್ಸಿಗೆ ದಿನಕ್ಕೆ ಮೂರು ಗಂಟೆ ಓಡಾಟ ಬೇಕು, ಅದರಲ್ಲಿ ಒಂದು ಗಂಟೆ ಉಸಿರು ಏರೋ ಥರದ್ದು. ಜೋತಾಡೋದು, ಹತ್ತೋದು ಭುಜಕ್ಕೆ ಬಲ, ಹಗಲು ಬೆಳಕು ಕಣ್ಣಿಗೆ ಒಳ್ಳೇದು, ದಣಿದ ಮಗು ಒಂಬತ್ತಕ್ಕೆ ತಾನೇ ಮಲಗುತ್ತೆ. ಎಡಗೈ ಅವನ ಸ್ವಭಾವ, ಬದಲಾಯಿಸ್ಬೇಡಿ. ಐದೂವರೆ ಆದ್ರೂ ಮುಷ್ಟಿ ಬಿಡ್ಲಿಲ್ಲ ಅಂದ್ರೆ ಆಕ್ಯುಪೇಷನಲ್ ಥೆರಪಿಸ್ಟ್ (ಕೈಬೆರಳಿನ ಕೆಲಸಗಳ ಅಭ್ಯಾಸ ಮಾಡಿಸೋ ತಜ್ಞರು) ಹತ್ರ ಕರ್ಕೊಂಡು ಹೋಗಿ.

ಟ್ಯೂಷನ್ ಬೇಡ. ಶಾಲೆ ಮುಗಿಸಿ ಬಂದ ಮಗುವನ್ನ ಮತ್ತೆ ಒಂದು ಗಂಟೆ ಕೂರಿಸಿದ್ರೆ ಆಟದ ಹೊತ್ತು ಹೋಗುತ್ತೆ, ಅಕ್ಷರ ನಾಲ್ಕು ಬರಬಹುದು, ಪುಸ್ತಕ ಕಂಡ್ರೆ ಓಡೋದೂ ಬರುತ್ತೆ. ಪಕ್ಕದ ಮನೆ ಹುಡುಗಿ ‘ಹತ್ತು ತಿಂಗಳು ದೊಡ್ಡವಳು ಅಷ್ಟೇ’ ಅಂದ್ರಲ್ಲ, ಇವನು ಹುಟ್ಟಿ ಐವತ್ನಾಲ್ಕು ತಿಂಗಳಾಗಿದೆ, ಅದರಲ್ಲಿ ಹತ್ತು ತಿಂಗಳು ಅಂದ್ರೆ ಅವನ ಆಯಸ್ಸಿನ ಐದನೇ ಒಂದು ಪಾಲು. ಬಹುಶಃ ಕ್ಲಾಸಿಗೇ ಚಿಕ್ಕವನು ನಿಮ್ಮ ಮಗ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರ್ಬೇಕು ಅಂತ ನಮ್ಮ ರಾಜ್ಯದ ನಿಯಮ, 2025-26ಕ್ಕೆ ಮಾತ್ರ ಅಂತ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ರು. ಜುಲೈನಲ್ಲಿ ಹುಟ್ಟಿದವನಿಗೆ ಒಂದು ತಿಂಗಳ ಕೊರತೆ ಬರುತ್ತೆ, ಈಗಲೇ ಶಾಲೇಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ವಿಚಾರಿಸಿಟ್ಕೊಳ್ಳಿ. ಒಂದು ವರ್ಷ ನಿಲ್ಲಿಸ್ಬೇಕಾಗಿ ಬಂದ್ರೆ ಅವನ ಕಲಿಕೆಗೆ ನಷ್ಟ ಏನಿಲ್ಲ, ಆದ್ರೆ ಸ್ನೇಹಿತರೆಲ್ಲ ಮುಂದೆ ಹೋಗಿ ತಾನೊಬ್ಬ ಉಳಿದೆ ಅನ್ನೋ ಬೇಜಾರು ಮಕ್ಕಳಿಗೆ ಆಗೋದು ನಿಜ, ಅದಕ್ಕೇ ನಿಲ್ಲಿಸೋದಾದ್ರೆ ಒಂದನೇ ಕ್ಲಾಸ್ ಬಾಗಿಲಲ್ಲಿ ನಿಲ್ಲಿಸೋದಕ್ಕಿಂತ ಈ ಎಲ್‌ಕೆಜಿಯಲ್ಲೇ ವಾಸಿ.

ಶಾಲೆ ಬದಲಾಯಿಸೋ ಮುಂಚೆ ಮಿಸ್ ಹತ್ರ ಕೂತು ಮಾತಾಡಿ, ಡೈರೀಲಿ ಬೇಡ, ಎದುರಿಗೆ. ‘ಯಾವ ಹೊತ್ತಲ್ಲಿ ಎದ್ದು ಓಡ್ತಾನೆ, ಯಾರ ಜೊತೆ ಆಡ್ತಾನೆ, ಕಥೆ ಹೇಳ್ದಾಗ ಕೂರ್ತಾನಾ’ ಅಂತ ಕೇಳಿ. ಎಂಟು ವರ್ಷದವರೆಗೆ ಆಟದ ಮೂಲಕವೇ ಕಲಿಕೆ ಅಂತ 2022ರ ರಾಷ್ಟ್ರೀಯ ಬುನಾದಿ ಪಠ್ಯಕ್ರಮ ಚೌಕಟ್ಟೇ ಹೇಳುತ್ತೆ, ಹಾಗಾಗಿ ಬರವಣಿಗೆ ಹೋಮ್‌ವರ್ಕ್ ಕಮ್ಮಿ ಮಾಡಿ ಅಂತ ಕೇಳೋದ್ರಲ್ಲಿ ಸಂಕೋಚ ಏನೂ ಬೇಡ. ಮಿಸ್ಸಿಗೂ ಮೇಲಿಂದ ಒತ್ತಡ ಇರುತ್ತೆ, ಜಗಳಕ್ಕೆ ಹೋದ ಹಾಗೆ ಹೋಗ್ಬೇಡಿ. ಮಗು ಅಲ್ಲಿ ಏಟು ತಿಂತಿದೆ, ಅವಮಾನ ಮಾಡ್ತಾರೆ ಅಂತ ಗೊತ್ತಾದ್ರೆ ಮಾತ್ರ ಬದಲಾಯಿಸೋಕೆ ಯೋಚನೆ ಮಾಡ್ತಾ ಕೂರ್ಬೇಡಿ.

ಮನಸ್ಸಿನ ಬೆಳವಣಿಗೆಗೆ ಏನು ಮಾಡ್ಬೇಕು ಅಂತ ತುಂಬಾ ಜನ ಕ್ಲಾಸು, ಅಬಾಕಸ್ಸು ಕೇಳ್ತಾರೆ. ನೀವು ಆಫೀಸಿಂದ ಬಂದು ಬ್ಯಾಗ್ ಇಟ್ಟು ಹದಿನೈದು ನಿಮಿಷ ಅವನು ಹೇಳಿದ ಆಟ ಆಡಿ, ಅವನೇ ಯಜಮಾನ, ನೀವು ಕಲಿಸೋದೂ ಬೇಡ ತಿದ್ದೋದೂ ಬೇಡ. ರಾತ್ರಿ ಅತ್ತೆ ಒಂದು ಕಥೆ ಹೇಳ್ಲಿ, ಅವರಿಗೆ ತಟ್ಟೆ ಹಿಡ್ಕೊಂಡು ಓಡೋದಕ್ಕಿಂತ ಇದು ಸುಲಭ, ಭಾಷೆಗೂ ಕಲ್ಪನೆಗೂ ಇದಕ್ಕಿಂತ ಒಳ್ಳೇ ಕ್ಲಾಸಿಲ್ಲ. ಅಪ್ಪನ ಪಾಲೂ ಇದೆ, ಟ್ಯೂಷನ್ ಫೀಸು ಉಳೀತಲ್ಲ, ಭಾನುವಾರ ಪಾರ್ಕು ಅವರದ್ದು.

ಎರಡು ಮೂರು ತಿಂಗಳು ಇಷ್ಟು ಮಾಡಿ ನೋಡಿ. ಆದ್ರೆ ಕೆಲವಕ್ಕೆ ಕಾಯ್ಬೇಡಿ: ಬರ್ತಿದ್ದ ಮಾತು ಅಥವಾ ಆಟ ನಿಂತುಹೋದ್ರೆ, ಹೆಸರು ಕರೆದ್ರೆ ತಿರುಗದಿದ್ರೆ, ಬೇರೆ ಮಕ್ಕಳ ಕಡೆ ನೋಡೇ ನೋಡದಿದ್ರೆ, ಮಾತು ಹೊರಗಿನವರಿಗೆ ಅರ್ಥವೇ ಆಗದಿದ್ರೆ, ಕೂತಲ್ಲೇ ಕೆಲವು ಸೆಕೆಂಡು ಕಣ್ಣು ನೆಟ್ಟು ಕಲ್ಲಾಗಿ ಮತ್ತೆ ಏನೂ ಆಗದ ಹಾಗೆ ಶುರು ಮಾಡಿದ್ರೆ, ತೂಕ ಇಳೀತಾನೇ ಹೋದ್ರೆ, ಮೋಷನಲ್ಲಿ ರಕ್ತ ಬಂದ್ರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ ಮಕ್ಕಳ ಬೆಳವಣಿಗೆಗೇ ಇರೋ ಘಟಕ ಇದೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಅಲ್ಲಿ ಎಲ್ಲಾ ಫ್ರೀ, ಮಾತು ಕಿವಿ ಸಮಸ್ಯೆ ಇದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಿಮಗೆ ದೂರ ಏನಲ್ಲ. ಹೋಗುವಾಗ ತಾಯಿ ಕಾರ್ಡು, ಹಳೇ ತೂಕದ ಚೀಟಿ, ಅವನು ಗೀಚಿದ ಒಂದೆರಡು ಹಾಳೆ, ಮತ್ತೆ ಒಂದು ವಾರ ಅವನು ಏನು ತಿಂದ, ಎಷ್ಟಕ್ಕೆ ಮಲಗಿದ, ಯಾವತ್ತು ಮೋಷನ್ ಆಯ್ತು ಅಂತ ಬರೆದಿಟ್ಟಿದ್ದು ತಗೊಂಡ್ಹೋಗಿ, ಡಾಕ್ಟರಿಗೆ ಕೆಲಸ ಅರ್ಧ ಆದ ಹಾಗೆ.